ಮುತ್ಯಾ ಹಚ್ಚಿದ ಮಾವಿನ ಗಿಡ ಒಣಗುತ್ತಿದೆಯೆ?

ಬೇಮಳಖೇಡ, ಹುಮನಾಬಾದ, ಬಸವಕಲ್ಯಾಣ ಸೀಮೆಯ ಹೊಲದ ಬದುಗಳಲ್ಲಿ, ಬಾವಿಯ ದಂಡೆಗಳಲ್ಲಿ ವಾಟೆಯಿಂದ ಬೆಳೆದ ಹಳೆಯ ಮಾವಿನ ಗಿಡಗಳಿವೆ. ಇವುಗಳ ಬೆಲೆಯನ್ನು ಪೇಟೆಯ ಧಾರಣೆಯಿಂದ ಅಳೆಯಲಾಗದು. ಮನೆಯ ಉಪ್ಪಿನಕಾಯಿಯ ರುಚಿ ಆ ಒಂದು ಗಿಡದ್ದು. ಅದನ್ನು ಹಚ್ಚಿದ ಮುತ್ಯಾನ ನೆನಪೂ ಅದರದ್ದೆ. ಅಂಥ ಗಿಡ ಒಣಗತೊಡಗಿದರೆ ಕೊಡಲಿ ಹಚ್ಚುವ ಮುನ್ನ ರೈತ ಬಾಂಧವರು ಕಾರಣವನ್ನು ಪರೀಕ್ಷಿಸಬೇಕು.

ರೋಗವೋ, ಹುಳುವೋ?

ಟೊಂಗೆ ತುದಿಯಿಂದ ಕೆಳಕ್ಕೆ ಒಣಗುತ್ತಿದ್ದು, ಎಲೆಗಳು ಕಂದಾಗಿ ಅಂಚು ಮೇಲಕ್ಕೆ ಸುರುಳಿಗೊಂಡು ಕೆಲಕಾಲ ಉದುರದೆ ನಿಂತಿದ್ದರೆ, ಅದು ತುದಿ ಒಣಗುವ ರೋಗ. ಟೊಂಗೆಯನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಂದು ಗೆರೆಗಳು ಕಾಣುವವು. ಕೆಲವೊಮ್ಮೆ ಅಂಟು ಒಸರುವುದು. ಲೇಸಿಯೋಡಿಪ್ಲೋಡಿಯಾ ಎಂಬ ಶಿಲೀಂಧ್ರ ಗಾಯಗಳ ಮೂಲಕ ಒಳಹೊಕ್ಕು, ಸೊರಗಿದ ಗಿಡಗಳನ್ನು ಬೇಗ ಹಿಡಿಯುತ್ತದೆ. ಬುಡದಲ್ಲಿ ಕಟ್ಟಿಗೆಯ ಹೊಟ್ಟು ಉದುರಿ, ಕಾಂಡದಲ್ಲಿ ತೂತುಗಳಿದ್ದರೆ ಅದು ಕಾಂಡ ಕೊರೆಯುವ ಹುಳು. ಎರಡೂ ಒಟ್ಟಿಗೇ ಇರಬಹುದು.

ಉಪಚಾರ

1. ಒಣ ಹವೆಯಲ್ಲಿ, ರೋಗ ಕಂಡ ಜಾಗದಿಂದ ಸುಮಾರು 3 ಅಂಗುಲ ಕೆಳಗೆ, ಕಂದು ಗೆರೆಯಿಲ್ಲದ ಕಟ್ಟಿಗೆ ಸಿಗುವವರೆಗೆ ಕತ್ತರಿಸಬೇಕು. ಕತ್ತರಿಸಿದ್ದನ್ನು ಗಿಡದಿಂದ ದೂರ ಒಯ್ದು ಸುಡಬೇಕು.

2. ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಬೇಕು. 1 ಕಿಲೋ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 1 ಕಿಲೋ ಸುಟ್ಟ ಸುಣ್ಣವನ್ನು ಬೇರೆ 5 ಲೀಟರ್ ನೀರಿನಲ್ಲಿ ಕರಗಿಸಿ ಕೂಡಿಸಬೇಕು. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯನ್ನೇ ಬಳಸಿರಿ. ಕಬ್ಬಿಣದ ಚಾಕು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಅಂದೇ ಬಳಸಿ ಮುಗಿಸಬೇಕು.

3. ಉಳಿದ ಟೊಂಗೆಗಳಿಗೆ ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ, 15 ದಿನದ ಅಂತರದಲ್ಲಿ ಎರಡು ಸಲ ಸಿಂಪಡಿಸಬೇಕು.

4. ಹುಳುವನ್ನು ತೂತಿನಿಂದ ಕೊಕ್ಕೆ ತಂತಿಯಿಂದ ಎಳೆದು ತೆಗೆಯಿರಿ. ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ತೊಯ್ಸಿದ ಹತ್ತಿ ತುರುಕಿ, ಕೆಸರಿನಿಂದ ಮುಚ್ಚಬೇಕು.

5. ಬುಡಕ್ಕೆ ಮಣ್ಣು ಏರಿಸುವುದು, ನೆರಳಿನಲ್ಲಿ ತೊಗರಿಕಟ್ಟಿಗೆ, ಕಬ್ಬಿನ ರವದಿ ಸುಡುವುದು, ಬೇರು ಹರಿಯುವಂತೆ ಆಳವಾಗಿ ನೇಗಿಲು ಹೊಡೆಯುವುದು ಕೂಡದು. ಕೊಳೆತ ಗೊಬ್ಬರವನ್ನು ಕಾಂಡದಿಂದ ದೂರ, ಟೊಂಗೆಗಳ ಹರವಿನ ಕೆಳಗೆ ಹಾಕಬೇಕು.

ಗಿಡ ಉಳಿಯದಿದ್ದರೂ ತಳಿ ಉಳಿಯಲಿ

ಕಾಂಡದ ಸುತ್ತ ಹೆಚ್ಚಿನ ತೊಗಟೆ ಸತ್ತಿದ್ದರೆ ಉಪಚಾರದಿಂದ ಫಲ ಕಡಿಮೆ. ಅಂಥಲ್ಲಿ ಅನೇಕರು ಅದೇ ಗಿಡದ ವಾಟೆ ನೆಡುತ್ತಾರೆ. ಆದರೆ ನಮ್ಮ ಕಡೆಯ ಮಾವುಗಳಲ್ಲಿ ಸಾಮಾನ್ಯವಾಗಿ ವಾಟೆಗೆ ಒಂದೇ ಸಸಿ. ಅದರಲ್ಲಿ ಪರಾಗ ಕೊಟ್ಟ ಗಿಡದ ಗುಣವೂ ಕೂಡಿರುವುದರಿಂದ ಮುತ್ಯಾನ ಗಿಡದ ಹಣ್ಣೇ ಬರುವ ಖಾತ್ರಿಯಿಲ್ಲ. ಅದೇ ಹಣ್ಣು ಬೇಕಾದರೆ ಕಸಿಯೇ ದಾರಿ.

ವಾಟೆಗಳನ್ನು ಹಣ್ಣಿನಿಂದ ತೆಗೆದ ಕೆಲವೇ ವಾರಗಳೊಳಗೆ ಬಿತ್ತಿ ಬೇರುಸಸಿ ಬೆಳೆಸಿರಿ. ಹಳೆಯ ಗಿಡದ ಆರೋಗ್ಯವಂತ ಟೊಂಗೆಯಲ್ಲಿ 3-4 ತಿಂಗಳ ಕಡ್ಡಿಗಳನ್ನು ಗುರುತಿಸಿ, 7ರಿಂದ 10 ದಿನ ಮೊದಲೇ ತೊಟ್ಟು ಬಿಟ್ಟು ಎಲೆ ಸವರಿರಿ. ಮಳೆಗಾಲದಲ್ಲಿ ಮೃದುಕಾಂಡ ಕಸಿ ಮಾಡಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ನೆರಳಿನಲ್ಲಿಡಬೇಕು. ಒಳಗೆ ಕಂದು ಗೆರೆಯಿರುವ ಕಡ್ಡಿ ತೆಗೆಯಬಾರದು. ರೋಗವೂ ಜೊತೆಗೇ ಬಂದೀತು. ಗಿಡದ ಒಂದೇ ಪಕ್ಕ ಹಸಿರಿದ್ದರೂ ಕಸಿಕಡ್ಡಿ ಸಿಗುತ್ತದೆ. ಆದುದರಿಂದ ಗಿಡ ಪೂರ್ತಿ ಒಣಗುವವರೆಗೆ ಕಾಯದೆ, ಉಪಚಾರ ಮತ್ತು ಕಸಿ ಎರಡನ್ನೂ ಒಂದೇ ವರ್ಷದಲ್ಲಿ ಕೈಗೊಳ್ಳುವುದು ಲೇಸು. ಸಂಶಯವಿದ್ದಲ್ಲಿ ರೋಗದ ಟೊಂಗೆಯ ತುಂಡನ್ನು ಬೀದರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿರಿ.