ಗುಳಿಗೆಗೂ ತತ್ತ್ವಶಾಸ್ತ್ರಕ್ಕೂ ಏನು ನಂಟು?

ಪ್ರಶ್ನೆ: ಬೆಳಗಾವಿಯಲ್ಲಿ ಬಿ.ಫಾರ್ಮ ಮುಗಿಸಿದ ನಮ್ಮ ಹಿಡಕಲ್ಲಿನ ಹುಡುಗಿ ಈಗ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡ್ತೀನಿ ಅಂತಾಳೆ. ಎತ್ತಣಿಂದೆತ್ತಣ ಸಂಬಂಧ?

ಉತ್ತರ: ಸಂಬಂಧವಿದೆ, ಅದೂ ಹತ್ತಿರದ್ದು. ಗುಳಿಗೆ ನುಂಗಿದ ಮೇಲೆ ಜ್ವರ ಇಳಿದರೆ ಗುಳಿಗೆಯಿಂದಲೇ ಇಳಿಯಿತು ಎನ್ನಲಾಗದು, ಸುಮ್ಮನಿದ್ದರೂ ಇಳಿಯುತ್ತಿತ್ತೇನೋ. ಕಾರಣ ಯಾವುದು, ಕಾಕತಾಳೀಯ ಯಾವುದು ಎಂದು ನಮ್ಮ ನ್ಯಾಯದರ್ಶನದ ಪಂಡಿತರೂ ಪಾಶ್ಚಾತ್ಯ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್‌ನೂ ತಲೆ ಕೆಡಿಸಿಕೊಂಡಿದ್ದರು. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಟಿಸಿದ ಸ್ಟ್ರೆಪ್ಟೊಮೈಸಿನ್ ಪ್ರಯೋಗವನ್ನೇ ನೋಡಿ. ಯಾವ ಕ್ಷಯರೋಗಿಗೆ ಔಷಧ, ಯಾರಿಗೆ ಬರೀ ವಿಶ್ರಾಂತಿ ಎಂಬುದನ್ನು ಮುಚ್ಚಿದ ಲಕೋಟೆ ನಿರ್ಧರಿಸಿತು. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4, ಪಡೆಯದ 52 ಜನರಲ್ಲಿ 14 ಮಂದಿ ತೀರಿಕೊಂಡರು. ಔಷಧದ ಗುಣವೇನೋ ಸಾಬೀತಾಯಿತು. ಆದರೆ ತಾವು ಪ್ರಯೋಗದಲ್ಲಿದ್ದೇವೆ ಎಂಬುದೇ ಆ 52 ಜನಕ್ಕೆ ತಿಳಿದಿರಲಿಲ್ಲ! ಆಗ ಔಷಧ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ, ನಿಜ. ಹಾಗೆಂದು ಹೇಳದೆ ಇರಬಹುದಿತ್ತೇ? ಇದಕ್ಕೆ ಪ್ರಯೋಗಾಲಯದಲ್ಲಿ ಉತ್ತರ ಸಿಗದು.

ಫಾರ್ಮಸಿ ಪಠ್ಯದಲ್ಲೇ ಕಾನೂನು, ನೀತಿಯ ಪಾಠವಿದೆಯಲ್ಲ ಎನ್ನಬಹುದು. ಇದೆ, ಆದರೆ ಅದು ನಿಯಮ ಕಲಿಸುತ್ತದೆ, ಆ ನಿಯಮ ಯಾಕೆ ಎಂದು ಕೆದಕುವುದು ಕಡಿಮೆ. ಹೊಟ್ಟೆಪಾಡಿನ ಆಕ್ಷೇಪ ಇದಕ್ಕಿಂತ ಗಟ್ಟಿ. ಬರೀ ಎಂ.ಎ. ನಂಬಿ ಕೂರುವಂತಿಲ್ಲ, ಒಪ್ಪುವೆ. ಆದರೆ ಎಂ.ಎ. ಮಾಡಿದರೆ ಫಾರ್ಮಸಿಸ್ಟ್ ನೋಂದಣಿಯೇನೂ ರದ್ದಾಗದು. ಮೇಲಾಗಿ, ಔಷಧ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು. ಅವರಲ್ಲಿ ಸ್ವತಂತ್ರ ಸದಸ್ಯರಾಗಬಲ್ಲವರ ಪಟ್ಟಿಯಲ್ಲಿ ತತ್ತ್ವಜ್ಞಾನಿಯನ್ನೂ ನಮ್ಮ ದೇಶದ 2019ರ ಔಷಧ ಪ್ರಯೋಗ ನಿಯಮಗಳೇ ಹೆಸರಿಸಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ವಿಭಾಗವಿದೆ. ಪ್ರವೇಶದ ಅರ್ಹತೆ ವಿಚಾರಿಸಿ, ಹುಡುಗಿಯನ್ನು ಕಳಿಸಿಕೊಡಿ.