ಕಿಯಾಂತಿಯ ದ್ರಾಕ್ಷಾಮದ್ಯ

ಗೃಹಸ್ಥರು ಓದುವ ಪತ್ರಿಕೆಯಲ್ಲಿ ಮದ್ಯದ ಪ್ರಸ್ತಾಪವೇಕೆಂದು ವಾಚಕರು ಕೇಳಬಹುದು. ಯಾರನ್ನೂ ಪಾನಕ್ಕೆ ಪ್ರೇರಿಸುವುದು ನಮ್ಮ ಉದ್ದೇಶವಲ್ಲ. ನಾವು ಅದನ್ನು ಸೇವಿಸುವವರೂ ಅಲ್ಲ. ಆದರೆ ಊರಿನ ಹೆಸರೊಂದು ಪದಾರ್ಥಕ್ಕೆ ಅಂಟಿದ ಮೇಲೆ ಆ ಹೆಸರಿನ ಮಾನವನ್ನು ಕಾಯುವುದು ಎಷ್ಟು ಕಷ್ಟವೆಂಬುದು ಕಿಯಾಂತಿಯ ಚರಿತ್ರೆಯಿಂದ ಚೆನ್ನಾಗಿ ತಿಳಿಯುವುದು.

ಇಟಲಿಯ ಟಸ್ಕನಿ ಪ್ರಾಂತದಲ್ಲಿ ಫ್ಲಾರೆನ್ಸ್, ಸಿಯೆನಾ ಎಂಬ ಎರಡು ಪುರಾತನ ನಗರಗಳ ನಡುವಣ ಗುಡ್ಡಗಾಡಿಗೆ ಕಿಯಾಂತಿ ಎಂದು ಹೆಸರು. ಅಲ್ಲಿನ ಮುಖ್ಯ ದ್ರಾಕ್ಷಿ ಸಾಂಜೊವೇಸೆ. ಈ ಹೆಸರಿಗೆ 'ಜೋವನ ರಕ್ತ' ಎಂದು ಅರ್ಥ ಹೇಳುವ ವಾಡಿಕೆಯುಂಟು. ಜೋವನೆಂದರೆ ರೋಮನರ ಜುಪಿಟರ್. ಆ ಹೆಸರಿಗೂ ಋಗ್ವೇದದ ದ್ಯೌಷ್ಪಿತೃವಿಗೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ಒಪ್ಪಿರುವರು.

ಇದರ ಬಣ್ಣ ಮಾಣಿಕ್ಯದ್ದು. ಪರಿಮಳ ಹುಳಿಚೆರ್ರಿ ಹಣ್ಣಿನದೆಂದು ಬಲ್ಲವರು ವರ್ಣಿಸುವರು. ನಮ್ಮ ಷಡ್ರಸಗಳ ಲೆಕ್ಕದಲ್ಲಿ ಹೇಳುವುದಾದರೆ ಇದರಲ್ಲಿ ಆಮ್ಲವೂ ಕಷಾಯವೂ ಪ್ರಧಾನ. ಎಳೆಯ ಅಡಕೆಯನ್ನು ಅಗಿದಾಗ ನಾಲಗೆ ಹಿಡಿದುಕೊಳ್ಳುವುದಷ್ಟೆ. ಅದೇ ಒಗರು ಇಲ್ಲಿಯೂ ಉಂಟು. ದ್ರಾಕ್ಷಿಯ ಸಿಪ್ಪೆ ಬೀಜಗಳಲ್ಲಿರುವ ಟ್ಯಾನಿನ್ ಎಂಬ ದ್ರವ್ಯವು ಜೊಲ್ಲಿನ ಪ್ರೋಟೀನಿನೊಡನೆ ಕೂಡಿ ಬಾಯನ್ನು ಒಣಗಿಸುತ್ತದೆ. ಊಟದಲ್ಲಿ ಪ್ರೋಟೀನೂ ಕೊಬ್ಬೂ ಇದ್ದರೆ ಆ ಒಗರು ಮೆತ್ತಗಾಗುವುದು. ಆದಕಾರಣವೇ ಫ್ಲಾರೆನ್ಸಿನವರು ಕೆಂಡದ ಮೇಲೆ ಸುಟ್ಟ ದಪ್ಪ ಗೋಮಾಂಸದೊಡನೆಯೂ, ಕುರಿಹಾಲಿನ ಪೆಕೊರಿನೊ ಗಿಣ್ಣಿನೊಡನೆಯೂ ಇದನ್ನು ಸೇವಿಸುವರು. ಟೊಮೇಟೊ ಬೆರೆತ ಅಡಿಗೆಯ ಮುಂದೆ ಹುಳಿ ಸಾಲದ ಮದ್ಯ ಸಪ್ಪೆಯಾಗುವುದು. ಕಿಯಾಂತಿಗೆ ತನ್ನದೇ ಹುಳಿಯಿರುವುದರಿಂದ ಸರಿಜೋಡಿಯಾಗುವುದು. ಬಡವರ ಊಟಕ್ಕೂ ಇದು ಹೊಂದುವುದು. ಅವರೆಯ ಜಾತಿಯ ಬಿಳಿ ಕಾಳು, ಕಪ್ಪು ಕೋಸಿನ ಎಲೆ, ಹಳಸಲು ರೊಟ್ಟಿ ಇವುಗಳಿಂದಾದ ಗಟ್ಟಿ ಸಾರಿಗೆ ಅಲ್ಲಿ 'ರಿಬೊಲ್ಲೀತ' ಎನ್ನುವರು. 'ಮರಳಿ ಕುದಿಸಿದ್ದು' ಎಂದರ್ಥ. ಆ ಸೀಮೆಯ ರೊಟ್ಟಿಗೆ ಉಪ್ಪು ಹಾಕುವ ಪದ್ಧತಿಯಿಲ್ಲ.

ಇನ್ನು ಹೆಸರಿನ ಕಥೆ. 1716ರಲ್ಲಿ ಟಸ್ಕನಿಯ ಅರಸು ಮೂರನೆಯ ಕೋಸಿಮೊ ಶಾಸನ ಹೊರಡಿಸಿ ಕಿಯಾಂತಿಯ ಎಲ್ಲೆಯನ್ನು ಗೊತ್ತುಮಾಡಿದನು. ಇಟಲಿಯ ಪ್ರಧಾನಿಯಾಗಿದ್ದ ಬೆತ್ತೀನೊ ರಿಕಾಸೊಲಿಯು ತನ್ನ ಬ್ರೋಲಿಯೊ ಕೋಟೆಯಲ್ಲಿ ಬಹುಕಾಲ ಪರೀಕ್ಷೆ ನಡೆಸಿ, 1872ರ ಪತ್ರವೊಂದರಲ್ಲಿ ಪಾಕಕ್ರಮವನ್ನು ತಿಳಿಸಿದನು: ಸಾಂಜೊವೇಸೆಯಿಂದ ಪರಿಮಳವೂ ಬಲವೂ, ಕನಯೋಲೊವಿನಿಂದ ಮಾರ್ದವವೂ ಬರುವುವು, ಬಿಳಿಯ ಮಾಲ್ವಸಿಯಾ ಮದ್ಯವನ್ನು ಹಗುರಗೊಳಿಸುವುದರಿಂದ, ಬಹುಕಾಲ ಇಡತಕ್ಕದ್ದಕ್ಕೆ ಅದು ಬೇಡ.

ಕೀರ್ತಿ ಬೆಳೆದಂತೆ ಸುತ್ತಲಿನವರೂ ಆ ಹೆಸರಿನಿಂದಲೇ ಮಾರತೊಡಗಿದರು. 1924ರಲ್ಲಿ ಮೂಲ ಸೀಮೆಯ ಬೆಳೆಗಾರರು ಸಂಘ ಕಟ್ಟಿ ಕರಿಯ ಹುಂಜವನ್ನು ಮುದ್ರೆಯಾಗಿಟ್ಟುಕೊಂಡರು. 1932ರಲ್ಲಿ ಸರಕಾರವೇ ಆ ಹೆಸರನ್ನು ಬಹುದೂರದವರೆಗೆ ವಿಸ್ತರಿಸಿ, ಮೂಲ ಸೀಮೆಯದನ್ನು 'ಕ್ಲಾಸಿಕೊ' ಎಂದು ಬೇರೆ ಮಾಡಿತು. 1967ರ ನಿಯಮವಂತೂ ನೂರಕ್ಕೆ 10ರಿಂದ 30 ಭಾಗ ಬಿಳಿ ದ್ರಾಕ್ಷಿಯನ್ನು ಬೆರೆಸಲೇಬೇಕೆಂದು ವಿಧಿಸಿತು. ರಿಕಾಸೊಲಿಯ ಎಚ್ಚರಿಕೆ ಮರೆತುಹೋಯಿತು. ಮದ್ಯ ತೆಳುವಾಯಿತು, ಹುಲ್ಲು ಹೆಣೆದ ಬುರುಡೆಗೆ ಇದ್ದ ಪ್ರಸಿದ್ಧಿ ಒಳಗಿನ ರಸಕ್ಕೆ ಉಳಿಯಲಿಲ್ಲ.

ಆಗ, 1970ರ ದಶಕದಲ್ಲಿ, ಕೆಲವು ಬೆಳೆಗಾರರು ಬಿಳಿ ದ್ರಾಕ್ಷಿಯನ್ನು ಬಿಟ್ಟು, ಅದರೊಡನೆ ಕಿಯಾಂತಿಯೆಂಬ ಹೆಸರನ್ನೂ ಬಿಟ್ಟು, 'ಊಟದ ಮದ್ಯ'ವೆಂಬ ಸಾಮಾನ್ಯ ಪಟ್ಟಿಯಡಿ ಮಾರಿದರು. ಗುಣವನ್ನು ಅರಿತವರು ಹೆಚ್ಚಿನ ಬೆಲೆ ಕೊಟ್ಟು ಅದನ್ನೇ ಕೊಂಡರು. ಕಡೆಗೆ ಕಾನೂನು ತಿದ್ದಲ್ಪಟ್ಟಿತು. ಈಗ ಕ್ಲಾಸಿಕೊದಲ್ಲಿ ನೂರಕ್ಕೆ 80 ಭಾಗಕ್ಕೆ ಕಡಮೆಯಿಲ್ಲದಂತೆ ಸಾಂಜೊವೇಸೆ ಇರಬೇಕು. 2006ರ ಫಸಲಿನಿಂದ ಬಿಳಿ ದ್ರಾಕ್ಷಿ ನಿಷಿದ್ಧ.

ಹಿರಿಯರು ಗಳಿಸಿದ ಹೆಸರನ್ನು ಮಾರಿಕೊಂಡು ತಿನ್ನುವುದು ಸುಲಭ. ಹೆಸರು ಹೋದರೂ ಹೋಗಲಿ, ಪದಾರ್ಥ ಕೆಡಬಾರದೆಂದು ಹಟ ಹಿಡಿದ ಕೆಲವರಿಂದಲೇ ಕಿಯಾಂತಿಯ ಮಾನ ಮರಳಿತು. ತುಪ್ಪವನ್ನಾಗಲಿ ಜೇನನ್ನಾಗಲಿ ಮನೆಗೆ ತರುವ ಗೃಹಸ್ಥರು, ಊರಿನ ಹೆಸರನ್ನು ಕೇಳಿದೊಡನೆ ತೃಪ್ತರಾಗದೆ, ಒಳಗಿರುವುದೇನೆಂದು ವಿಚಾರಿಸುವುದು ಲೇಸು.