ಬೇಳೆ ಬೇಯದ ನೀರಿನಲ್ಲಿ ಬಣ್ಣದ ಮೀನು

ಕಿನ್ನಾಳ ಎಂದೊಡನೆ ನಮ್ಮ ವೀಕ್ಷಕರ ಕಣ್ಣಮುಂದೆ ಬಂದು ನಿಲ್ಲುವುದು ಅಲ್ಲಿನ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ಕೆತ್ತಿ, ಬಣ್ಣ ಹಚ್ಚಿ, ಹೊಳಪೇರಿಸುವ ಬೊಂಬೆಗಳು. ಬಣ್ಣದ ಮೇಲೆ ಇಷ್ಟು ಅಕ್ಕರೆಯಿರುವ ಊರಿನವರು ಪಡಸಾಲೆಯಲ್ಲಿ ಒಂದು ಗಾಜಿನ ತೊಟ್ಟಿಯಿಟ್ಟು ಬಣ್ಣದ ಮೀನು ಸಾಕಬಯಸಿದರೆ ಅಚ್ಚರಿಯೇನಿಲ್ಲ. ಆದರೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಪೇಟೆಯ ಪುಸ್ತಕ ಹೇಳಿದಂತೆಯೇ ಮಾಡಿದರೆ, ಯುಗಾದಿಗೆ ತಂದ ಮೀನು ಬೇಸಿಗೆ ದಾಟುವುದು ಕಷ್ಟ. ಮೀನು ಸತ್ತಾಗ ಮನೆಯವರು ಅಂಗಡಿಯವನನ್ನು ದೂರುತ್ತಾರೆ. ಅಂಗಡಿಯವನು ‘ಆಹಾರ ಹೆಚ್ಚು ಹಾಕಿದಿರಿ’ ಎನ್ನುತ್ತಾನೆ. ಇಬ್ಬರೂ ನೋಡದೆ ಬಿಡುವುದು ನೀರನ್ನು.

ಮೀನಿನ ಹವ್ಯಾಸ ಈ ನಾಡಿಗೆ ಹೊಸತಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇದೇ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇಗುಲ ಎದ್ದಾಗ ಆಳುತ್ತಿದ್ದವನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ. ಅವನ ಮಗ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಅದು ಗಾಳ ಹಾಕುವವರಿಗಾಗಿ ಬರೆದದ್ದಾದರೂ ಮೀನುಗಳ ಜಾತಿ ಯಾವುವು, ಯಾವುದಕ್ಕೆ ಯಾವ ತಿನಿಸು ಎಂಬುದನ್ನು ವಿವರವಾಗಿ ಹೇಳುತ್ತದೆ.

ಈಗ ನೀರಿನ ವಿಚಾರ. ನಿಮ್ಮ ಕೊಳವೆಬಾವಿಯ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆಯೇ? ಸಾಬೂನು ನೊರೆ ಬಿಡುತ್ತದೆಯೇ? ಇಲ್ಲವೆಂದಾದರೆ ಅದು ಗಡಸು ನೀರು. ಕಲ್ಲಿನ ಸಂದುಗಳಲ್ಲಿ ನಿಂತು ಸುಣ್ಣ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡಿರುವ ನೀರು. ಇಂಥ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೂ ವಾಲಿರುತ್ತದೆ. ಮೀನಿಗೆ ಗಡಸು ಅಷ್ಟಾಗಿ ಕೇಡಲ್ಲ. ಕೇಡು ಬರುವುದು ಕ್ಷಾರ ಮತ್ತು ಹೊಲಸು ಜೊತೆಗೂಡಿದಾಗ.

ಮೀನು ಉಸಿರಾಡುವಾಗ ಕಿವಿರುಗಳ ಮೂಲಕ ಅಮೋನಿಯಾ ಹೊರಬರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಒಂದು ಬಹುಮಟ್ಟಿಗೆ ನಿರಪಾಯ, ಇನ್ನೊಂದು ವಿಷ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರಿನ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ. 1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದು ಶೇ. 5ನ್ನು ದಾಟುತ್ತದೆ. ನೀರು ಬಿಸಿಯಾದಂತೆ ಇನ್ನೂ ಏರುತ್ತದೆ. ಮಲೆನಾಡಿನ ಮೆದು ನೀರಿನಲ್ಲಿ ದಕ್ಕಿಹೋಗುವ ಅಜಾಗ್ರತೆ ಬಯಲುಸೀಮೆಯ ನೀರಿನಲ್ಲಿ ದಕ್ಕುವುದಿಲ್ಲ ಎಂಬುದರ ಗುಟ್ಟು ಇದು.

ಈ ವಿಷವನ್ನು ತೆಗೆಯುವ ಆಳುಗಳು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಮತ್ತೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಗಿಡಗಳಿಗೆ ಗೊಬ್ಬರ. ಈ ಗುಂಪುಗಳು ಮರಳಿನಲ್ಲೂ ಸೋಸುಕದ ಸ್ಪಂಜಿನಲ್ಲೂ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ದಿನವೇ ಇಪ್ಪತ್ತು ಮೀನು ಬಿಡುವುದು ಬೀಗರು ಬಂದು ಕುಳಿತ ಮೇಲೆ ಒಲೆ ಹೂಡಿದಂತೆ. ಮೊದಲು ಗಿಡ ನೆಡಿ. ಎರಡು ವಾರ ಬಿಟ್ಟು ನಾಲ್ಕೈದು ಮೀನು, ಉಳಿದವು ನಿಧಾನವಾಗಿ. ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ತಿಕ್ಕಿ ತೊಳೆದರೆ ಆ ಆಳುಗಳೆಲ್ಲ ಸಾಯುತ್ತವೆ. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿದರೆ ಸಾಕು.

ಮೀನಿನ ಆಯ್ಕೆಯಲ್ಲಿ ನನ್ನ ಮಾತು ನೇರ: ನೀರಿಗೆ ತಕ್ಕ ಮೀನು ತನ್ನಿ, ಮೀನಿಗೆ ತಕ್ಕ ನೀರು ಮಾಡಲು ಹೋಗಬೇಡಿ. ಕೆಂಪು ನೀಲಿ ಪಟ್ಟೆಯ ನಿಯಾನ್ ಟೆಟ್ರಾ ಎಲ್ಲರಿಗೂ ಇಷ್ಟ. ಅದರ ಮೂಲ ಅಮೆಜಾನ್ ಕಾಡಿನ ಮೆದು, ಆಮ್ಲೀಯ ಹೊಳೆ. ಡಿಸ್ಕಸ್ ಮೀನೂ ಅಲ್ಲಿಯದೇ. ಅವು ನಮ್ಮ ಗಡಸು ನೀರಿನಲ್ಲಿ ಕೆಲಕಾಲ ಹೊಂದಿಕೊಂಡಂತೆ ಕಂಡರೂ ಸುಖವಾಗಿ ಬಾಳುವುದು ಅಪರೂಪ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದ ಪ್ಲಾಟಿ, ಮಾಲಿ, ಸ್ವೋರ್ಡ್‌ಟೇಲ್, ಟ್ರಿನಿಡಾಡ್ ಕಡೆಯ ಗಪ್ಪಿ, ಇವಕ್ಕೆ ಗಡಸು ನೀರೇ ಹಿತ. ಇವೆಲ್ಲ ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಸಾಧು ಮೀನುಗಳು. ಜೊತೆಗೆ ನಮ್ಮ ದೇಶದ್ದೇ ಆದ ಜೀಬ್ರಾ ಡಾನಿಯೋ ಆರು ಇರಲಿ. ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ವರ್ಣಿಸಿದ ಈ ಮೀನು ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಹೆಸರುವಾಸಿ. ಗಪ್ಪಿಯಲ್ಲಿ ಬಣ್ಣವಿರುವುದು ಗಂಡಿಗೆ. ಗಂಡುಗಳನ್ನಷ್ಟೇ ತಂದರೆ ತಿಂಗಳಿಗೊಮ್ಮೆ ಮರಿಗಳ ಸಂತೆ ನೆರೆಯುವ ತೊಂದರೆಯಿಲ್ಲ. ಟೈಗರ್ ಬಾರ್ಬ್ ಉಳಿದವುಗಳ ರೆಕ್ಕೆ ಕಚ್ಚುತ್ತದೆ. ಆಸ್ಕರ್ ಬೆಳೆದು ನೆರೆಯವರನ್ನು ನುಂಗುತ್ತದೆ. ಗೋಲ್ಡ್ ಫಿಶ್ ಗಿಡ ಕೀಳುತ್ತದೆ, ತಂಪು ನೀರನ್ನೂ ಬಯಸುತ್ತದೆ. ಇವು ಕೆಟ್ಟ ಮೀನುಗಳಲ್ಲ, ಈ ಕೂಟಕ್ಕೆ ಸಲ್ಲದವು.

ಮೂರು ಅಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಸುಮಾರು 127 ಲೀಟರ್ ಹಿಡಿಯುತ್ತದೆ. ಮರಳೂ ಗಾಜೂ ಸೇರಿ ಒಂದೂವರೆ ಕ್ವಿಂಟಲ್ ಮೀರುವ ಭಾರ, ಆದ್ದರಿಂದ ಕಾಲು ಅಲುಗುವ ಮೇಜು ಬೇಡ. ಮರಳಿನ ಮೇಲೆ ನಿಂಬೆರಸ ಹಿಂಡಿ ನೋಡಿ. ಬುರುಗು ಬಂದರೆ ಅದರಲ್ಲಿ ಸುಣ್ಣವಿದೆ, ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಗಿಡಗಳಲ್ಲಿ ಹೈಡ್ರಿಲಾ, ವ್ಯಾಲಿಸ್ನೇರಿಯಾ ಎರಡೂ ನಮ್ಮ ಕೆರೆ ಕಾಲುವೆಗಳಲ್ಲಿ ಬೆಳೆಯುವಂಥವು, ಗಡಸು ನೀರಿಗೆ ಒಗ್ಗಿದವು. ಇವು ಅಮೋನಿಯಾವನ್ನು ನೇರವಾಗಿಯೂ ಹೀರುತ್ತವೆ. ಅಂದಕ್ಕೆಂದು ಕಿನ್ನಾಳದ ಬೊಂಬೆಯನ್ನು ತೊಟ್ಟಿಯೊಳಗೆ ಇಳಿಸಬೇಡಿ. ಹುಣಸೆಬೀಜದ ಅಂಟಿನ ಕೆಲಸ ನೀರಿಗೆ ಬಿಟ್ಟುಕೊಳ್ಳುತ್ತದೆ. ಬೊಂಬೆಯೂ ಹಾಳು, ಮೀನಿಗೂ ಅಪಾಯ.

ಬೇಸಿಗೆಯೇ ನಿಜವಾದ ಪರೀಕ್ಷೆ. 25 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 35ರಲ್ಲಿ ಸುಮಾರು 7 ಮಾತ್ರ. ಅದೇ ಹೊತ್ತಿಗೆ ಮೀನಿನ ಮೈ ಬಿಸಿಯಾಗಿ ಅದಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ರಾತ್ರಿ ಬೆಳಕಿಲ್ಲದಾಗ ಗಿಡಗಳೂ ಆಮ್ಲಜನಕವನ್ನು ಬಳಸುತ್ತವೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರಿನ ಕಷ್ಟ. ಸ್ಟುಡಿಯೋ ದೀಪಗಳ ಕೆಳಗೆ ತೊಟ್ಟಿಯಿಟ್ಟು ಚಿತ್ರೀಕರಿಸುವಾಗ ನಾವು ಉಷ್ಣತಾಮಾಪಕ ನೋಡಿದ ಮೇಲೆಯೇ ಕ್ಯಾಮೆರಾ ಕಡೆ ತಿರುಗುವುದು. ಕರೆಂಟ್ ಹೋಗಿ ಗಾಳಿಯ ಪಂಪು ನಿಂತರೆ ಚೊಂಬಿನಿಂದ ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಸುರಿಯಿರಿ. ಮೀನು ಕಡಿಮೆಯಿದ್ದಷ್ಟೂ ಈ ಗಾಬರಿ ಕಡಿಮೆ. ಇಷ್ಟು ತೊಟ್ಟಿಗೆ ಹದಿನೈದು ಸಣ್ಣ ಮೀನು ಧಾರಾಳ.

ತಂಪಿಗೆ ನಮ್ಮ ಒಣಹವೆಯೇ ನೆರವು. ಮುಚ್ಚಳ ತೆಗೆದು ಬಲೆ ಹೊದಿಸಿ, ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಲು ಬಿಡಿ. ಮಣ್ಣಿನ ಗಡಿಗೆಯ ನೀರು ತಂಪಾಗುವ ರೀತಿಯಲ್ಲೇ ಆವಿ ಹೋದಂತೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆವಿಯಾಗಿ ಹೋಗುವುದು ನೀರಷ್ಟೇ, ಉಪ್ಪು ಸುಣ್ಣ ಅಲ್ಲೇ ಉಳಿಯುತ್ತವೆ. ಕಡಿಮೆಯಾದಷ್ಟಕ್ಕೂ ಕೊಳವೆಬಾವಿಯ ನೀರನ್ನೇ ತುಂಬುತ್ತ ಹೋದರೆ ಮೇ ಹೊತ್ತಿಗೆ ತೊಟ್ಟಿ ಸವುಳಾಗಿರುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆವಿಯಾದುದಕ್ಕೆ ಘಟಕದ ನೀರು ಹಾಕಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವಾಗ ಮಾತ್ರ ಬೋರಿನ ನೀರನ್ನೂ ಘಟಕದ ನೀರನ್ನೂ ಸಮನಾಗಿ ಬೆರೆಸಿ. ಬರಿಯ ಘಟಕದ ನೀರು ತುಂಬಿದರೆ ಲವಣಗಳೇ ಇಲ್ಲದೆ ಪ್ಲಾಟಿ, ಮಾಲಿಗಳು ಸೊರಗುತ್ತವೆ. ನಲ್ಲಿಯ ನೀರಾದರೆ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಬಳಸಿ.

ಹವ್ಯಾಸ ಸಾಕೆನಿಸಿದಾಗ ಮೀನನ್ನು ಹಿರೇಹಳ್ಳಕ್ಕೋ ತುಂಗಭದ್ರಾ ಕಾಲುವೆಗೋ ಬಿಡುವುದು ಪುಣ್ಯವೆಂದು ಕೆಲವರು ತಿಳಿದಿದ್ದಾರೆ. ಗಾಜಿಗಂಟಿದ ಪಾಚಿ ತಿನ್ನಲೆಂದು ತರುವ ಸಕ್ಕರ್ ಮೀನು ಹೀಗೆಯೇ ದಕ್ಷಿಣ ಭಾರತದ ಕೆರೆ ಹೊಳೆಗಳನ್ನು ಸೇರಿ, ಮೀನುಗಾರರ ಬಲೆ ಹರಿಯುತ್ತಿದೆ, ಸ್ಥಳೀಯ ಮೀನುಗಳ ಆಹಾರಕ್ಕೂ ಪೈಪೋಟಿಯಾಗಿದೆ. ಬೇಡವಾದ ಮೀನನ್ನು ಇನ್ನೊಬ್ಬ ಹವ್ಯಾಸಿಗೆ ಕೊಡಿ, ಇಲ್ಲವೇ ಅಂಗಡಿಗೆ ಹಿಂದಿರುಗಿಸಿ. ಕತ್ತರಿಸಿದ ಗಿಡದ ತುಂಡುಗಳನ್ನು ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿ, ಆಮೇಲೆ ತಿಪ್ಪೆಗೆ ಹಾಕಿರಿ.